ಗೃಹಸ್ಥರ ಯಂತ್ರವಿಚಾರ: ಮುದಿ ಪಿಕಪ್ಪಿನ ನಡುಕ

ಬೈಂದೂರು, ಕುಂದಾಪುರ, ಬ್ರಹ್ಮಾವರಗಳನ್ನು ಪೋಣಿಸಿರುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಂಗೊಳ್ಳಿಯ ಮೀನನ್ನೂ ತೋಟದ ತೆಂಗಿನಕಾಯಿಯನ್ನೂ ಹೊತ್ತು ಸಾಗುವ ಹಳೆಯ ಡೀಸೆಲ್ ಪಿಕಪ್ಪುಗಳು ಎಷ್ಟೋ ಕುಟುಂಬಗಳಿಗೆ ಅನ್ನದ ಆಧಾರವಾಗಿವೆ. ಅಂತಹ ಗಾಡಿಯು ನಿಂತಲ್ಲಿಯೇ ಗಡಗಡನೆ ನಡುಗತೊಡಗಿ, ಹೊಸಂಗಡಿಯಿಂದ ಮೇಲೇರುವ ಬಾಳೆಬರೆ ಘಾಟಿಯಲ್ಲಿ ಅರ್ಧ ಹೊರೆಗೇ ಏದುಸಿರು ಬಿಟ್ಟರೆ, ‘ಪಂಪು ಹೋಯಿತು’ ಎಂದು ಕಂಗೆಡುವವರೇ ಹೆಚ್ಚು. ಪಂಪು ಬಿಚ್ಚಿಸುವುದೆಂದರೆ ಮನೆಯ ಒಡವೆ ಅಡವಿಡುವ ಮಾತೂ ಆದೀತು. ಆದುದರಿಂದ ಚಿಕಿತ್ಸೆಗೆ ಮುನ್ನ ನಿದಾನವಾಗಲಿ ಎಂಬುದೇ ಈ ತಿಂಗಳು ನಮ್ಮ ವಿನಂತಿ.

ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 20ರಲ್ಲಿ 1 ಪಾಲಿಗೆ ಅದುಮಿದಾಗ ಹುಟ್ಟುವ ಕಾವಿನಿಂದಲೇ, ನೋಜಲು ಸಿಂಪಡಿಸಿದ ಎಣ್ಣೆಯು ಹೊತ್ತಿಕೊಳ್ಳುವುದು. ಹಾಗಾಗಿ ನೋಡತಕ್ಕವು ಮೂರೇ: ಗಾಳಿ, ಎಣ್ಣೆ, ಅದುಮು. ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕಡೆಗೆ.

ಮೊದಲು ಹೊಗೆಯನ್ನು ನೋಡಿರಿ. ಕಪ್ಪು ಹೊಗೆಯು ಗಾಳಿಯ ಕೊರತೆಯನ್ನೋ ಎಣ್ಣೆಯ ಅತಿರೇಕವನ್ನೋ ಸೂಚಿಸುವುದು. ಎಂಜಿನು ಕಾದ ಮೇಲೂ ನಿಲ್ಲದ ಬಿಳಿಹೊಗೆಯು ಸರಿಯಾಗಿ ಉರಿಯದ ಎಣ್ಣೆಯದೋ ನೀರಿನದೋ ಆಗಿರಬಹುದು. ನೀಲಿಹೊಗೆಯೆಂದರೆ ಎಂಜಿನ್ ಆಯಿಲ್ ಸುಡುತ್ತಿದೆಯೆಂದು ಅರ್ಥ.

ಕಪ್ಪು ಹೊಗೆಯಿದ್ದರೆ ಗಾಳಿಯ ಫಿಲ್ಟರನ್ನು ತೆಗೆದು ನೋಡಿರಿ. ನಮ್ಮ ಸೀಮೆಯ ಮುರಕಲ್ಲಿನ ಕೆಂಧೂಳು ಅದನ್ನು ಬೇಗನೆ ಕಟ್ಟಿಬಿಡುವುದು.

ಎರಡನೆಯದು ನೀರು. ಕರಾವಳಿಯ ತೇವದ ಗಾಳಿಯು ಅರೆತುಂಬಿದ ಟ್ಯಾಂಕಿನೊಳಗೆ ರಾತ್ರಿ ತಣಿದು ಹನಿಗಟ್ಟುತ್ತದೆ. ಎಂಜಿನನ್ನು ನಿಲ್ಲಿಸಿ, ಡೀಸೆಲ್ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ, ಗಾಜಿನ ಸೀಸೆಯೊಂದರಲ್ಲಿ ಹಿಡಿದು, ಸ್ವಲ್ಪ ಹೊತ್ತು ಇಟ್ಟು ನೋಡಿರಿ. ಡೀಸೆಲ್ ಹಗುರವಾದುದರಿಂದ ನೀರು ಅಡಿಯಲ್ಲಿ ಬೇರೆಯಾಗಿ ಕಾಣುವುದು. ಫಿಲ್ಟರು ಹಳೆಯದಾಗಿ ಕಟ್ಟಿಕೊಂಡಿದ್ದರೆ, ಏರಿನಲ್ಲಿ ಎಂಜಿನಿಗೆ ಬೇಕಾದಷ್ಟು ಎಣ್ಣೆಯು ಒದಗದು.

ಮೂರನೆಯದು, ಮೇಸ್ತ್ರಿಗಳು ‘ಏರ್ ಹಿಡಿದಿದೆ’ ಎನ್ನುವ ದೋಷ. ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರು ಕೊಳವೆ ಬಿರಿದಿದ್ದರೆ ಅಥವಾ ಬಿಗಿ ಸಡಿಲವಾಗಿದ್ದರೆ ಅಲ್ಲಿಂದ ಗಾಳಿ ಸೇರುವುದು. ಬೆಳಗ್ಗೆ ಎಂಜಿನು ಹೊತ್ತಲು ತಡವಾಗುವುದೂ ನಿಂತಲ್ಲಿ ನಡುಗುವುದೂ ಇದರ ಗುರುತು.

ಇಷ್ಟಾದರೂ ನಡುಕ ಬಿಡದಿದ್ದರೆ, ಬಲ್ಲ ಮೇಸ್ತ್ರಿಯಿಂದ ಸಿಲಿಂಡರುಗಳ ಪರೀಕ್ಷೆಯಾಗಲಿ. ಹಳೆಯ ಮಾದರಿಯ ಪಂಪಿನ ಎಂಜಿನು ಮೆಲ್ಲನೆ ಓಡುತ್ತಿರುವಾಗ ನೋಜಲಿನ ಕೊಳವೆಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಮತ್ತೆ ಬಿಗಿಯುವರು. ಸಡಿಲಿಸಿದೊಡನೆ ನಡುಕ ಹೆಚ್ಚಿದರೆ ಆ ಸಿಲಿಂಡರು ದುಡಿಯುತ್ತಿದ್ದಿತೆಂದೂ, ಏನೂ ವ್ಯತ್ಯಾಸವಾಗದಿದ್ದರೆ ದೋಷವು ಅಲ್ಲಿಯೇ ಇದೆಯೆಂದೂ ತಿಳಿಯತಕ್ಕದ್ದು. ಆ ನೋಜಲನ್ನು ಮೊದಲು ಪರೀಕ್ಷಿಸಬೇಕು. ಅದು ಸರಿಯಿದ್ದರೆ ವಾಲ್ವು, ರಿಂಗುಗಳ ಅದುಮನ್ನು ಅಳೆಯಬೇಕು. ಪಂಪಿನ ಸರದಿ ಇವೆಲ್ಲವುಗಳ ನಂತರ.

ಇಲ್ಲಿ ಒಂದು ಎಚ್ಚರಿಕೆ. ಆ ಕೊಳವೆಯಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಸೇರಬಲ್ಲುದು. ಗಾಯ ಸೂಜಿಮೊನೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. 1,000 ಬಾರ್‌ಗೂ ಮೀರಿದ ಒತ್ತಡದಲ್ಲಿ ನಡೆಯುವ ಈಚಿನ ಕಾಮನ್ ರೈಲ್ ಎಂಜಿನುಗಳಲ್ಲಿ ಈ ಪರೀಕ್ಷೆ ಸರ್ವಥಾ ಕೂಡದು.

ಗ್ಯಾರೇಜಿಗೆ ಹೋಗುವ ಮುನ್ನ ಹೊಗೆಯ ಬಣ್ಣ, ನಡುಕ ಬರುವ ಹೊತ್ತು, ಸೀಸೆಯಲ್ಲಿ ಕಂಡದ್ದು, ಈ ಮೂರನ್ನೂ ಚೀಟಿಯಲ್ಲಿ ಬರೆದುಕೊಳ್ಳಿರಿ. ಮಳೆಗಾಲದಲ್ಲಿ ಸಂಜೆಯೇ ಟ್ಯಾಂಕು ತುಂಬಿಸಿಡುವುದು ಲೇಸು. ಘಾಟಿಯ ಬಾಡಿಗೆಯನ್ನು ಮಾತ್ರ ಗಾಡಿಯು ಗುಣವಾಗುವ ತನಕ ಒಪ್ಪಿಕೊಳ್ಳದಿರಿ.