ಮೂರು ಗೆಲುವಿಗೆ ಮೆರವಣಿಗೆ, ಎಂಟು ಸೋಲಿಗೆ ಮೌನ

ಹೊಸ ಕೋಚ್ ಬಂದರು, ತಂಡದ ಹಣೆಬರಹವೇ ಬದಲಾಯಿತು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ 2023ರ ಸೀಸನ್ ಬಗ್ಗೆ ಇವತ್ತಿಗೂ ಹೀಗೇ ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಯಾಕೆ ಅಂತ ಲೆಕ್ಕ ಇಟ್ಟೇ ಹೇಳುತ್ತೇವೆ.

ಅಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಆಡುವವರು ಕಾಲೇಜು ಹುಡುಗರು. ನೋಡಲು ಬರುವವರು ಹತ್ತಾರು ಸಾವಿರ ಜನ. ಟಿವಿ ದುಡ್ಡು ಕೋಟಿಗಟ್ಟಲೆ.

2022ರಲ್ಲಿ ಈ ತಂಡ 12 ಪಂದ್ಯ ಆಡಿ ಗೆದ್ದದ್ದು ಒಂದೇ ಒಂದು. ಆ ಡಿಸೆಂಬರ್‌ನಲ್ಲಿ ಹಳೆಯ ಸ್ಟಾರ್ ಆಟಗಾರ ಡಿಯೋನ್ ಸ್ಯಾಂಡರ್ಸ್ ಕೋಚ್ ಆದರು. ಐದು ವರ್ಷಕ್ಕೆ ಒಪ್ಪಂದ, 2.95 ಕೋಟಿ ಡಾಲರ್. ಮೊದಲ ಸಭೆಯಲ್ಲೇ ಹಳೆಯ ಹುಡುಗರಿಗೆ ಬೇರೆ ಕಾಲೇಜು ನೋಡಿಕೊಳ್ಳಿ ಎಂಬ ಸೂಚನೆ ಕೊಟ್ಟರು. 50ಕ್ಕೂ ಹೆಚ್ಚು ಆಟಗಾರರು ಹೋದರು. ಹೊಸ ಕೋಚ್‌ಗೆ ತಂಡದಿಂದ ತೆಗೆಯುವ ಅಧಿಕಾರ ನಿಯಮದಲ್ಲೇ ಇದೆ, ಕಾಲೇಜಲ್ಲೇ ಉಳಿದವರಿಗೆ ವಿದ್ಯಾರ್ಥಿವೇತನ ಮುಂದುವರಿಯುತ್ತದೆ ಎನ್ನುತ್ತಾರೆ. ಸರಿ. ಆದರೆ ಆಡಲೆಂದೇ ಊರು ಬಿಟ್ಟು ಬಂದ ಹುಡುಗನಿಗೆ ಆಟವೇ ಇಲ್ಲ ಅಂದರೆ ಉಳಿಯುವುದೇನು?

ಸೆಪ್ಟೆಂಬರ್ 2ರಂದು ಟಿಸಿಯು ವಿರುದ್ಧ 45-42 ಗೆಲುವು. ಆಮೇಲೆ ನೆಬ್ರಾಸ್ಕಾ, ಕೊಲೊರಾಡೊ ಸ್ಟೇಟ್. ಮೂರಕ್ಕೆ ಮೂರು! ಕ್ಯಾಮೆರಾಗಳು ಬೌಲ್ಡರ್ ಊರಲ್ಲೇ ಠಿಕಾಣಿ ಹೂಡಿದವು. ನಾಲ್ಕನೇ ಪಂದ್ಯದಲ್ಲಿ ಒರೆಗಾನ್ 42-6ರಿಂದ ಬಡಿಯಿತು. ಅಕ್ಟೋಬರ್‌ನಲ್ಲಿ ಸ್ಟ್ಯಾನ್‌ಫರ್ಡ್ ಎದುರು ಅರ್ಧ ಪಂದ್ಯಕ್ಕೆ 29-0 ಮುಂದಿದ್ದವರು 46-43ಕ್ಕೆ ಸೋತರು. ಅಲ್ಲಿಂದ ಶುರುವಾಗಿ ಕೊನೆಯ ಆರೂ ಪಂದ್ಯ ಸೋಲು. ಒಟ್ಟು 4 ಗೆಲುವು, 8 ಸೋಲು. ತಮ್ಮ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನ.

ಕಾರಣ ಗುಟ್ಟೇನಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೋಚ್ ಮಗ ಶೆಡ್ಯೂರ್, ಪ್ರತಿಭಾವಂತನೇ. ಆದರೆ ಅವನ ಮುಂದೆ ಗೋಡೆಯಂತೆ ನಿಲ್ಲಬೇಕಾದ ದಪ್ಪ ಮೈಯ ಹುಡುಗರ ಸಾಲು ದುರ್ಬಲ. ಎದುರಾಳಿಗಳು ಆ ಸೀಸನ್‌ನಲ್ಲಿ ಅವನನ್ನು 50ಕ್ಕೂ ಹೆಚ್ಚು ಬಾರಿ ಚೆಂಡು ಎಸೆಯುವ ಮೊದಲೇ ಕೆಡವಿದರು. ಕೊನೆಯ ಪಂದ್ಯಕ್ಕೆ ಗಾಯವಾಗಿ ಆಡಲೇ ಇಲ್ಲ. ಕಳಸ ತಂದವರಿದ್ದರು, ಪಾಯ ತೋಡಿದವರಿರಲಿಲ್ಲ.

ಆದರೂ ಆ ವರ್ಷ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಪತ್ರಿಕೆ ಇದೇ ಕೋಚ್‌ಗೆ ವರ್ಷದ ಕ್ರೀಡಾ ವ್ಯಕ್ತಿ ಎಂಬ ಗೌರವ ಕೊಟ್ಟಿತು. ಟಿಕೆಟ್ ಖಾಲಿಯಾದವು, ಊರಿಗೆ ವ್ಯಾಪಾರ ಬಂತು, ನಿಜ. ಹಾಗಾದರೆ ಅದು ವ್ಯಾಪಾರದ ಗೆಲುವು ಅಂತ ನೇರವಾಗಿ ಹೇಳಲಿ. ಆ ವ್ಯಾಪಾರದಲ್ಲಿ ಮೈ ಮುರಿದುಕೊಂಡ ಹುಡುಗರಿಗೆ ವಿಶ್ವವಿದ್ಯಾಲಯದಿಂದ ಸಂಬಳ ಅಂತ ಒಂದು ಡಾಲರೂ ಇರಲಿಲ್ಲ. ಹೆಸರಿದ್ದವರು ಜಾಹೀರಾತಿನಲ್ಲಿ ದುಡಿದುಕೊಂಡರು, ಅಷ್ಟೆ.

ಮರುವರ್ಷ 9 ಗೆಲುವು ಬಂತಲ್ಲ, ಟ್ರಾವಿಸ್ ಹಂಟರ್‌ಗೆ ಹೈಸ್‌ಮನ್ ಟ್ರೋಫಿ ಸಿಕ್ಕಿತಲ್ಲ ಅಂತ ಕೇಳುವಿರಿ. ಬಂತು, ಸಿಕ್ಕಿತು. ಹಂಟರ್, ಶೆಡ್ಯೂರ್ ಇಬ್ಬರೂ ಹೋದ ಮೇಲೆ 2025ರಲ್ಲಿ ಮತ್ತೆ 3 ಗೆಲುವು, 9 ಸೋಲು. ಅಷ್ಟರಲ್ಲಿ ಕೋಚ್ ಒಪ್ಪಂದ 5.4 ಕೋಟಿ ಡಾಲರ್‌ಗೆ ಏರಿತ್ತು.

ತಪ್ಪು ಡಿಯೋನ್ ಒಬ್ಬರದ್ದೇ ಅಲ್ಲ, ಸುದ್ದಿ ಬರೆಯುವ ನಮ್ಮ ಜಾತಿಯದ್ದೂ ಹೌದು. ಕನ್ನಡಕ ಹಾಕಿದ ಕೋಚ್ ಫೋಟೋ ಸುಲಭವಾಗಿ ಸಿಗುತ್ತದೆ. ಬ್ಯಾಗ್ ಹೆಗಲಿಗೇರಿಸಿ ಹೊರಟ 50 ಹುಡುಗರ ಹಿಂದೆ ಹೋಗಲು ಬಸ್ ಹಿಡಿಯಬೇಕು, ಕಾಯಬೇಕು. ಆ ಕೆಲಸ ಮಾಡದೆ ಒಂದು ಸೀಸನ್ನನ್ನು ಪವಾಡ ಅಂತ ಬರೆದರೆ ಅದು ವರದಿಯಲ್ಲ, ಬ್ಯಾನರ್.