ಹತ್ತಕ್ಕಿಂತ ಮೊದಲು ಐದು

ಮಲಾಕಿಯನ ಗ್ರಂಥದ ಮೂರನೆಯ ಅಧ್ಯಾಯದ ಹತ್ತನೆಯ ವಚನ ನಮ್ಮ ಸಭೆಗಳಲ್ಲಿ ಚಿರಪರಿಚಿತ. ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿ ಎಂಬ ಆ ಕರೆ ಕಾಣಿಕೆ ಲಕೋಟೆಯ ಮೇಲೆ, ಕಟ್ಟಡ ನಿಧಿಯ ಮನವಿಯಲ್ಲಿ, ಸುಗ್ಗಿ ಹಬ್ಬದ ಪ್ರಸಂಗದಲ್ಲಿ ಮತ್ತೆಮತ್ತೆ ಬರುತ್ತದೆ. ಅದೇ ಅಧ್ಯಾಯದ ಐದನೆಯ ವಚನದ ಮೇಲೆ ಪ್ರಸಂಗ ಕೇಳಿದವರು ವಿರಳ. ದೇವರು ನ್ಯಾಯ ತೀರಿಸಲು ಬರುವಾಗ ಯಾರ ವಿರುದ್ಧ ಸಾಕ್ಷಿ ನುಡಿಯುತ್ತಾನೆ ಎಂಬುದು ಅಲ್ಲಿದೆ. ಮಾಟಗಾರರು, ವ್ಯಭಿಚಾರಿಗಳು, ಸುಳ್ಳಾಣೆ ಇಡುವವರು. ಅವರ ಸಾಲಿನಲ್ಲೇ, ಕೂಲಿಯವನ ಕೂಲಿಯಲ್ಲಿ ಮೋಸ ಮಾಡುವವರು.

ಎರಡು ವಚನಗಳೂ ಒಂದೇ ಸಂಗತಿಗೆ ಸೇರಿದವು ಎಂಬುದು ನೆಹೆಮೀಯನ ಗ್ರಂಥದ ಕೊನೆಯ ಅಧ್ಯಾಯ ಓದಿದರೆ ತಿಳಿಯುತ್ತದೆ. ಪಾರಸಿ ಅರಸನ ಬಳಿಯಿಂದ ನೆಹೆಮೀಯ ಯೆರೂಸಲೇಮಿಗೆ ಮರಳಿದಾಗ ದಶಮಾಂಶದ ಧಾನ್ಯ, ದ್ರಾಕ್ಷಾರಸ, ಎಣ್ಣೆ ಇಡಬೇಕಾದ ದೊಡ್ಡ ಕೊಠಡಿ ಟೋಬೀಯನೆಂಬ ಪ್ರಭಾವಿಯ ಪಾಲಾಗಿತ್ತು. ಅದನ್ನು ಬಿಟ್ಟುಕೊಟ್ಟವನು ಯಾಜಕ ಎಲ್ಯಾಷೀಬ; ಇಬ್ಬರಿಗೂ ನಂಟಿತ್ತು. ಇತ್ತ ಲೇವಿಯರಿಗೆ, ಗಾಯಕರಿಗೆ ಸಲ್ಲಬೇಕಾದ ಪಾಲು ಸಂದಿರಲಿಲ್ಲ. ದೇವಾಲಯದ ಕೆಲಸ ಬಿಟ್ಟು ಅವರು ಹೊಟ್ಟೆಪಾಡಿಗಾಗಿ ತಂತಮ್ಮ ಹೊಲಗಳಿಗೆ ಹೋಗಿಬಿಟ್ಟಿದ್ದರು. ನೆಹೆಮೀಯ ಟೋಬೀಯನ ಸಾಮಾನನ್ನೆಲ್ಲ ಹೊರಗೆ ಎಸೆದ, ಅಧಿಕಾರಿಗಳನ್ನು ಗದರಿಸಿದ, ಲೇವಿಯರನ್ನು ಕರೆತಂದ, ಪಾಲು ಹಂಚಲು ನಂಬಿಗಸ್ತರನ್ನು ನೇಮಿಸಿದ. ಜನ ಮತ್ತೆ ದಶಮಾಂಶ ತಂದರು. ಅಂದರೆ ಆ ಭಂಡಾರ ಇದ್ದದ್ದು ದುಡಿಯುವವರ ಅನ್ನಕ್ಕಾಗಿ. ಮೂರನೆಯ ವರ್ಷದ ದಶಮಾಂಶವಂತೂ ಲೇವಿಯರ ಜೊತೆಗೆ ಪರದೇಶಿ, ಅನಾಥ, ವಿಧವೆ ಹೊಟ್ಟೆತುಂಬ ಉಣ್ಣಬೇಕು ಎನ್ನುತ್ತದೆ ಧರ್ಮೋಪದೇಶಕಾಂಡ.

ಈಗ ನಮ್ಮ ಸುತ್ತ ನೋಡೋಣ. ಹಳ್ಳಿಯಿಂದ ಹಳ್ಳಿಗೆ ಓಡಾಡುವ ಉಪದೇಶಿ, ದೇವಾಲಯದ ಗಂಟೆ ಬಾರಿಸಿ ಕಸ ಗುಡಿಸುವವರು, ಮಿಷನ್ ಶಾಲೆಯ ಆಯಾ, ವರ್ಷಗಟ್ಟಲೆ ‘ತಾತ್ಕಾಲಿಕ’ವಾಗಿಯೇ ಉಳಿದ ಶಿಕ್ಷಕಿ, ಹಾಸ್ಟೆಲಿನ ಅಡುಗೆಯವರು. ಇವರಲ್ಲಿ ಎಷ್ಟು ಜನರಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ ಸಿಗುತ್ತಿದೆ? ಎಷ್ಟು ಜನರ ಹೆಸರಿನಲ್ಲಿ ಭವಿಷ್ಯನಿಧಿ ಖಾತೆ ಇದೆ? ಕೇಳಿದರೆ ಸಿದ್ಧ ಉತ್ತರವೊಂದಿದೆ: ಇದು ದೇವರ ಸೇವೆ, ಸಂಬಳದ ಲೆಕ್ಕ ಹಾಕಬಾರದು. ಈ ಮಾತನ್ನು ಆಡುವವರು ಸಾಮಾನ್ಯವಾಗಿ ಸಂಬಳ ಕೊಡುವ ಕಡೆ ಕುಳಿತವರು. ಯೇಸು ಹಾಗೆ ಹೇಳಲಿಲ್ಲ. ಆಳು ತನ್ನ ಕೂಲಿಗೆ ಯೋಗ್ಯನೆಂದು ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಆತ ನುಡಿದದ್ದು ಸುವಾರ್ತೆ ಸಾರಲು ತಾನೇ ಕಳುಹಿಸುತ್ತಿದ್ದ ಶಿಷ್ಯರ ವಿಷಯದಲ್ಲಿ. ಪೌಲ ತಿಮೊಥೆಯನಿಗೆ ಬರೆಯುವಾಗ ಅದನ್ನೇ ನೆನಪಿಸುತ್ತಾನೆ.

ಯೆಹೋಯಾಕೀಮನೆಂಬ ಅರಸ ನೆರೆಯವರನ್ನು ಬಿಟ್ಟಿ ದುಡಿಸಿ, ದೇವದಾರಿನ ಹಲಗೆ ಹೊದಿಸಿ ಕೆಂಪು ಬಳಿಸಿ ಅರಮನೆ ಕಟ್ಟಿಸಿದಾಗ ಯೆರೆಮೀಯ ಎದುರು ನಿಂತು ಶಪಿಸಿದ. ನಿನ್ನ ತಂದೆ ಬಡವರಿಗೆ ನ್ಯಾಯ ದೊರಕಿಸಿದ, ದೇವರನ್ನು ಅರಿಯುವುದೆಂದರೆ ಅದೇ ಅಲ್ಲವೇ ಎಂದು ಕೇಳಿದ. ಬೈಬಲ್ ಅಧ್ಯಯನ ಕೂಟಗಳಲ್ಲಿ ದೇವರ ಅರಿವಿನ ಬಗ್ಗೆ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಯೆರೆಮೀಯನ ಇಪ್ಪತ್ತೆರಡನೆಯ ಅಧ್ಯಾಯವನ್ನೂ ಆ ಕೂಟಗಳಲ್ಲಿ ತೆರೆಯಬೇಕು.

ಸಭೆಯ ವಾರ್ಷಿಕ ಲೆಕ್ಕಪತ್ರ ಓದುವಾಗ ಸದಸ್ಯರು ಎದ್ದು ನಿಂತು ಮೂರು ವಿವರ ಕೇಳಲಿ. ನಮ್ಮಲ್ಲಿ ದುಡಿಯುವ ಪ್ರತಿಯೊಬ್ಬರಿಗೆ ತಿಂಗಳಿಗೆ ಎಷ್ಟು ಕೊಡುತ್ತೇವೆ? ಯಾವ ತಾರೀಕಿಗೆ ಕೊಡುತ್ತೇವೆ? ಬಾಕಿ ಎಷ್ಟಿದೆ? ಬಾಕಿ ಇದ್ದರೆ ಹೊಸ ಗೋಪುರದ ಪ್ರಸ್ತಾಪವನ್ನು ಅಂದು ಕೈಗೆತ್ತಿಕೊಳ್ಳುವುದು ಬೇಡ. ಮೊದಲು ಆ ಬಾಕಿ ತೀರಿಸುವ ನಿರ್ಣಯ ಆಗಲಿ.