ಬೆಚ್ಚಗೆ ಮಲಗಿದವರಿಗೆ ಬೆಂಕಿ ಬೇಡ

ಮಾಗಿಯ ಚಳಿ ಬಂತೆಂದರೆ ಕಡೂರು ಬಯಲಿನಲ್ಲಿ ರಾಗಿಯ ಮೆದೆಗಳೇಳುತ್ತವೆ. ಇತ್ತ ಚಾರಣ ಹಾಗೂ ನಿಸರ್ಗ ಶಿಬಿರಗಳ ಸಿದ್ಧತೆಯೂ ಆರಂಭವಾಗುತ್ತದೆ. ಈ ದಿನಗಳಲ್ಲಿ ನಮ್ಮ ಬಳಗದ ಕಿರಿಯ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: “ಚಳಿಗೆ ಎಂಥ ಸ್ಲೀಪಿಂಗ್ ಬ್ಯಾಗ್ ಕೊಳ್ಳಬೇಕು?” ಪರಿಸರ ಪತ್ರಿಕೆಯ ಸಂಪಾದಕೀಯಕ್ಕೆ ಇದೆಂಥ ವಿಷಯವೆಂದು ಕೆಲವರಿಗೆ ಅನ್ನಿಸೀತು. ಆದರೆ ಈ ಪ್ರಶ್ನೆಗೂ ನಮ್ಮ ಬೆಟ್ಟಗಳ ಹುಲ್ಲುಗಾವಲಿಗೂ ನೇರವಾದ ನಂಟಿದೆ.

ಕೆಲವು ವರ್ಷಗಳ ಹಿಂದೆ ತರೀಕೆರೆ ಕಡೆಯ ಬೆಟ್ಟದಂಚಿನ ತೋಟವೊಂದರಲ್ಲಿ ಶಿಬಿರ ನಡೆಸಿದ್ದೆವು. ಶಿಬಿರಾರ್ಥಿಯೊಬ್ಬ ಹೊಸ ಸ್ಲೀಪಿಂಗ್ ಬ್ಯಾಗ್ ತಂದಿದ್ದ. ಅದರ ಮೇಲೆ ‘ಮೈನಸ್ 5 ಡಿಗ್ರಿ’ ಎಂದು ಅಚ್ಚಾಗಿತ್ತು. ಆದರೂ ನಡುರಾತ್ರಿ ಅವನು ನಡುಗುತ್ತ ಎದ್ದು ಕುಳಿತ. ಮತ್ತೆ ಮೂವರು ಜತೆಗೂಡಿ ಒಣಕಡ್ಡಿ ಆಯ್ದು ಬೆಂಕಿ ಹಾಕಿದರು. ನಸುಕಿನಲ್ಲಿ ಕಿಡಿಯೊಂದು ಬೇಲಿಯ ಒಣಹುಲ್ಲಿಗೆ ಹಾರಿತು. ಹಸಿ ಸೊಪ್ಪಿನಿಂದ ಬಡಿದು ಅದನ್ನು ಆರಿಸುವಷ್ಟರಲ್ಲಿ ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು. ಬೇಲಿಯಾಚೆಗೆ ಇದ್ದುದು ಕಾಡು. ತಪ್ಪು ಆ ಹುಡುಗನದಲ್ಲ. ಕಾಡಿನ ಬಗ್ಗೆ ಗಂಟೆಗಟ್ಟಲೆ ಮಾತನಾಡಿ, ಹಾಸಿಗೆಯ ಬಗ್ಗೆ ಒಂದು ಮಾತನ್ನೂ ಹೇಳದ ನಮ್ಮದು.

ಅವನಿಗೆ ಚಳಿಯಾದದ್ದೇಕೆ? ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಮಲಗಿದಾಗ ನಮ್ಮ ಮೈಭಾರಕ್ಕೆ ಚೀಲದ ಅಡಿಭಾಗ ಚಪ್ಪಟೆಯಾಗಿ, ಅಲ್ಲಿದ್ದ ಗಾಳಿ ಹೊರಹೋಗುತ್ತದೆ. ಆಗ ತಣ್ಣನೆಯ ನೆಲ ಮೈಶಾಖವನ್ನು ನೇರವಾಗಿ ಹೀರುತ್ತದೆ. ಹುಡುಗ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಿದ್ದ. ಆದ್ದರಿಂದ ಮೊದಲು ಹಣ ಹಾಕಬೇಕಾದದ್ದು ಹೊದಿಕೆಗಲ್ಲ, ಹಾಸಿಗೆಗೆ: ದಪ್ಪನೆಯ ಫೋಮ್ ಚಾಪೆ, ಅದಿಲ್ಲವಾದರೆ ನಾಲ್ಕು ಮಡಿಕೆಯ ಕಂಬಳಿ.

ಇನ್ನು ಚೀಲದ ಮೇಲಿನ ಅಂಕಿಯ ಮಾತು. ಚೀಲಗಳನ್ನು ಪರೀಕ್ಷಿಸಲು 2016ರಲ್ಲಿ ಐಎಸ್‌ಒ 23537 ಎಂಬ ಅಂತಾರಾಷ್ಟ್ರೀಯ ಮಾನದಂಡ ಬಂತು. ಅದರಲ್ಲಿ ಮುಖ್ಯವಾಗಿ ಮೂರು ಉಷ್ಣಾಂಶಗಳಿವೆ. ಮೊದಲನೆಯದು ‘ಕಂಫರ್ಟ್’, ಅಂದರೆ ಸಾಮಾನ್ಯ ಮಹಿಳೆಯೊಬ್ಬರು ನೆಮ್ಮದಿಯಾಗಿ ನಿದ್ರಿಸಬಹುದಾದ ಮಟ್ಟ. ಎರಡನೆಯದು ‘ಲಿಮಿಟ್’, ಸಾಮಾನ್ಯ ಪುರುಷನೊಬ್ಬ ಮುದುಡಿಕೊಂಡು ರಾತ್ರಿ ಕಳೆಯಬಹುದಾದ ಮಟ್ಟ. ಮೂರನೆಯದು ‘ಎಕ್ಸ್‌ಟ್ರೀಮ್’, ಇದು ನಿದ್ರೆಯ ಮಾತಲ್ಲ, ಜೀವ ಉಳಿಸಿಕೊಳ್ಳುವ ಮಾತು. ಅನೇಕ ಚೀಲಗಳ ಮೇಲೆ ದೊಡ್ಡ ಅಕ್ಷರದಲ್ಲಿ ಕಾಣುವುದು ಈ ಮೂರನೆಯ ಅಂಕಿಯೇ. ಕೊಳ್ಳುವವರು ನೋಡಬೇಕಾದದ್ದು ಮೊದಲನೆಯದನ್ನು. ಈ ಪರೀಕ್ಷೆಯನ್ನು ಒಳಉಡುಪು ತೊಡಿಸಿದ ಗೊಂಬೆಯನ್ನು ಚಾಪೆಯ ಮೇಲೆ ಮಲಗಿಸಿ ಮಾಡುತ್ತಾರೆಂಬುದನ್ನೂ ಮರೆಯಬಾರದು. ಚಾಪೆಯಿಲ್ಲದವನಿಗೆ ಆ ಅಂಕಿಗಳು ಅನ್ವಯಿಸುವುದಿಲ್ಲ.

ನಮ್ಮ ಸೀಮೆಯ ಚಳಿ ಎಷ್ಟು? ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕಡೂರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಕೆಮ್ಮಣ್ಣುಗುಂಡಿ 1,430ರ ಆಸುಪಾಸು, ಮುಳ್ಳಯ್ಯನಗಿರಿ 1,930ರ ಆಸುಪಾಸು. ಕಡೂರಿನಲ್ಲಿ 15 ಡಿಗ್ರಿಯಿರುವ ರಾತ್ರಿ ಕೆಮ್ಮಣ್ಣುಗುಂಡಿಯಲ್ಲಿ 10-11, ಮುಳ್ಳಯ್ಯನಗಿರಿಯಲ್ಲಿ 7-8 ಎಂದು ಅಂದಾಜಿಸಬಹುದು. ಗಾಳಿಯಿಲ್ಲದ ಶುಭ್ರ ರಾತ್ರಿಗಳಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುವುದುಂಟು: ತಣ್ಣನೆಯ ಗಾಳಿ ಭಾರವಾದ್ದರಿಂದ ನೀರಿನಂತೆ ಇಳಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಹಾಗಾಗಿ ಮಲಗಲು ಕಣಿವೆಯ ತಳವೂ ಬೇಡ, ಗಾಳಿ ಹೊಡೆಯುವ ನೆತ್ತಿಯೂ ಬೇಡ. ಇಳಿಜಾರಿನ ನಡುವಿನ ಸಮತಟ್ಟು ಲೇಸು.

ಈ ಚಳಿಗೆ ‘ಕಂಫರ್ಟ್’ ಅಂಕಿ 5 ಡಿಗ್ರಿಯ ಆಸುಪಾಸಿನಲ್ಲಿರುವ ಚೀಲ ಧಾರಾಳವಾಗಿ ಸಾಕು. ಹಿಮಾಲಯಕ್ಕೆಂದು ಮಾಡಿದ ಚೀಲವನ್ನು ಇಲ್ಲಿ ಹೊದ್ದರೆ ಮುಂರಾತ್ರಿ ಬೆವರಿ, ಬೆಳಗಿನ ಜಾವ ಆ ಬೆವರಿನ ತೇವಕ್ಕೇ ನಡುಗಬೇಕಾಗುತ್ತದೆ. ನಮ್ಮ ಬೆಟ್ಟಗಳ ನಿಜವಾದ ಶತ್ರು ಹಿಮವಲ್ಲ. ಮಂಜು, ಇಬ್ಬನಿ, ತೇವ. ಹಕ್ಕಿಯ ತುಪ್ಪುಳ ತುಂಬಿದ ಚೀಲ ಹಗುರ ನಿಜ, ಆದರೆ ನೆನೆದರೆ ಮುದ್ದೆಯಾಗಿ ಶಾಖವನ್ನು ಬಿಟ್ಟುಕೊಡುತ್ತದೆ. ಪಾಲಿಯೆಸ್ಟರ್ ಎಳೆಯದು ತುಸು ಭಾರವಾದರೂ ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ನಮಗೆ ಅದೇ ಯೋಗ್ಯ. ಚೀಲದೊಳಗೆ ಮುಖ ಹುದುಗಿಸಿ ಉಸಿರಾಡಬಾರದು. ಮನೆಯಲ್ಲಿ ಅದನ್ನು ಸುರುಳಿ ಸುತ್ತಿ ಬಿಗಿದಿಡದೆ ಸಡಿಲವಾಗಿ ತೂಗುಹಾಕಬೇಕು.

ಇಷ್ಟಾದ ಮೇಲೆ ಕಂಬಳಿಯ ಮಾತು ಬಾರದಿರದು. ಕಡೂರು, ಅಜ್ಜಂಪುರದ ಬಯಲಿನಲ್ಲಿ ಹೊಲಕ್ಕೆ ಗೊಬ್ಬರವಾಗಲೆಂದು ಕುರಿಮಂದೆ ನಿಲ್ಲಿಸುವ ಕುರಿಗಾಹಿಗಳು ಬಟ್ಟಬಯಲಿನಲ್ಲಿ ರಾತ್ರಿ ಕಳೆದದ್ದು ಕಂಬಳಿಯನ್ನು ನಂಬಿಯೇ. ಬಯಲುಸೀಮೆಯ ಕುರಿಯ ಉಣ್ಣೆಯನ್ನು ಕುರುಬರು ನೂತು, ಹುಣಸೆಬೀಜದ ಗಂಜಿ ಹಚ್ಚಿ ನೇಯ್ದ ಈ ವಸ್ತ್ರವೇ ಮಲೆನಾಡಿನಲ್ಲಿ ಮಳೆಗೆ ಕೊಪ್ಪೆಯಾಯಿತು. ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದು, ಕಿಡಿ ಬಿದ್ದರೆ ಪಾಲಿಯೆಸ್ಟರಿನಂತೆ ಕರಗಿ ತೂತಾಗದು. ಹಾಗೆಂದು ಕಂಬಳಿಯೊಂದೇ ಸಾಕೆಂದು ನಾನು ವಾದಿಸಲಾರೆ. ಅದು ಬಹಳ ಭಾರ, ಪೂರ್ತಿ ನೆನೆದರೆ ಒಣಗುವುದೂ ತಡ. ಬೆನ್ನಿನ ಮೇಲೆ ಹೊತ್ತು ನಡೆಯುವವರಿಗೆ ಚೀಲವೇ ಸರಿ. ಆದರೆ ವಾಹನ ತಲುಪುವಲ್ಲಿ ನಡೆಯುವ ಶಿಬಿರಕ್ಕೆ ಕೆಳಗೆ ಕಂಬಳಿ, ಮೇಲೆ ಸಾಧಾರಣ ಚೀಲ ಇದ್ದರೆ ಅದಕ್ಕಿಂತ ಉತ್ತಮ ಜೋಡಿ ಇನ್ನೊಂದಿಲ್ಲ. ಕೊಳ್ಳುವವರಿಲ್ಲದೆ ನಮ್ಮ ಉಣ್ಣೆ ಮೂಲೆಗುಂಪಾಗುತ್ತಿರುವ ಕಾಲದಲ್ಲಿ, ಒಂದು ಕಂಬಳಿ ಕೊಂಡರೆ ನೇಕಾರನ ಮನೆಗೂ ಆಸರೆಯಾದೀತು.

ಇಷ್ಟೆಲ್ಲ ಹೇಳಿದ್ದು ಬೆಂಕಿಯ ಕಾರಣಕ್ಕೆ. ಚಳಿಗಾಲ ಕಳೆಯುವ ಹೊತ್ತಿಗೆ ಬಾಬಾಬುಡನ್ ಶ್ರೇಣಿಯ ಹುಲ್ಲು ಒಣಗಿ ನಿಂತಿರುತ್ತದೆ. ಬೆಂಕಿ ಬಿದ್ದ ಹುಲ್ಲು ಮಳೆಗೆ ಮತ್ತೆ ಚಿಗುರೀತು. ಹುಲ್ಲಿನ ಅಂಚಿನಲ್ಲಿರುವ ಶೋಲಾ ಕಾಡಿನ ಎಳೆಯ ಸಸಿಗಳು ಹಾಗೆ ಚಿಗುರಲಾರವು. ಒಂದು ರಾತ್ರಿಯ ಶಿಬಿರಾಗ್ನಿಗೆ ಆಯ್ದ ಒಣಮರ ಹುಳುಗಳ, ಅಣಬೆಗಳ, ಮರಕುಟಿಗಗಳ ಮನೆ. ಅಭಯಾರಣ್ಯದೊಳಗೆ ಅಪಾಯಕಾರಿಯಾಗಿ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಆದರೆ ನಡುರಾತ್ರಿ ಹಲ್ಲು ಕಟಕಟಿಸುವವನಿಗೆ ಕಾಯ್ದೆ ನೆನಪಾಗುವುದಿಲ್ಲ. ಅವನಿಗೆ ಬೇಕಾದದ್ದು ಬೆಚ್ಚನೆಯ ಹಾಸಿಗೆ. ಅದನ್ನು ಒದಗಿಸದೆ ಬೆಂಕಿ ಹಾಕಬೇಡವೆಂದು ಉಪದೇಶಿಸುವುದು ನ್ಯಾಯವಲ್ಲ.

ಆದ್ದರಿಂದ ಬಳಗದ ಮುಂದೆ ಒಂದು ಸಲಹೆ ಇಡುತ್ತಿದ್ದೇನೆ. ಪ್ರತಿಯೊಬ್ಬರೂ ಹೊಸ ಚೀಲ ಕೊಳ್ಳಬೇಕಾಗಿಲ್ಲ. ವರ್ಷದಲ್ಲಿ ನಾಲ್ಕು ರಾತ್ರಿಗೆ ಬೇಕಾದ ವಸ್ತು ಉಳಿದ ದಿನವೆಲ್ಲ ಅಟ್ಟ ಸೇರುವುದು ನಷ್ಟ. ಹತ್ತು ಚೀಲ, ಹತ್ತು ಚಾಪೆ, ಹತ್ತು ಕಂಬಳಿಗಳನ್ನು ಬಳಗವೇ ಕೊಂಡು, ಶಾಲೆಗಳಿಗೂ ಚಾರಣಿಗರಿಗೂ ಎರವಲು ಕೊಡೋಣ. ಜಿಪ್ ಕಿತ್ತ ಹಳೆಯ ಚೀಲ ಮನೆಯಲ್ಲಿದ್ದರೆ ತಂದುಕೊಡಿ, ಹೊಲಿಸಿಕೊಳ್ಳೋಣ. ಮುಂದಿನ ಶಿಬಿರದಿಂದ ನಿಯಮ ಒಂದೇ ಇರಲಿ: ಹಾಸಿಗೆ ಪರೀಕ್ಷಿಸದೆ ಯಾರನ್ನೂ ಬೆಟ್ಟ ಹತ್ತಿಸಬಾರದು. ಆ ರಾತ್ರಿ ಬೇಲಿಯ ಬೆಂಕಿಯನ್ನು ಬಡಿದು ಆರಿಸಿದ ನಾವು ಇಷ್ಟನ್ನಾದರೂ ಕಲಿಯಬೇಡವೆ?